ಡಯಾಲಿಸಿಸ್ ಉಚಿತ, ಮೊಟ್ಟೆಯ ಖರ್ಚು ಯಾರದ್ದು?

ಕಳೆದ ದೀಪಾವಳಿಗೆ ಊರಿಗೆ ಹೋದಾಗ ದೊಡ್ಡಮ್ಮ ಒಂದು ಲ್ಯಾಬ್ ರಿಪೋರ್ಟ್ ತಂದು ನನ್ನ ಕೈಗಿಟ್ಟರು. ಮುಖದ ತುಂಬ ಖುಷಿ. 'ನೋಡಪ್ಪ, ಹೋದ ವರ್ಷ ಹನ್ನೊಂದಿತ್ತು. ಈಗ ಏಳಕ್ಕೆ ಇಳಿದೈತೆ. ಕೊನೆಗೂ ದೇವರು ಕಣ್ಣುಬಿಟ್ಟ.'

ಅವರು ಹೇಳುತ್ತಿದ್ದದ್ದು ದೊಡ್ಡಪ್ಪನ ಕ್ರಿಯೇಟಿನಿನ್ ಬಗ್ಗೆ. ಮೂರು ವರ್ಷದಿಂದ ದೊಡ್ಡಪ್ಪ ವಾರಕ್ಕೆ ಎರಡು ಸಲ ತಾಲ್ಲೂಕು ಆಸ್ಪತ್ರೆಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು ಬರುತ್ತಾರೆ. ಅವತ್ತು ಜಗಲಿ ಮೇಲೆ ಕೂತಿದ್ದರು. ಹ್ಯಾಂಗರ್‌ಗೆ ನೇತುಹಾಕಿದ ಹಾಗೆ ಅಂಗಿ ಮೈಮೇಲೆ ತೂಗಾಡುತ್ತಿತ್ತು. ಕಣ್ಣಿನ ಪಕ್ಕದ ಕಪಾಲ ಒಳಗೆ ಹೋಗಿತ್ತು, ಹೆಬ್ಬೆರಳಿನ ಬುಡದ ಮಾಂಸ ಕರಗಿ ಅಲ್ಲೊಂದು ಗುಳಿ ಬಿದ್ದಿತ್ತು. ಒಂದು ಕಾಲದಲ್ಲಿ ಐವತ್ತು ಕೆಜಿಯ ರಾಗಿ ಮೂಟೆಯನ್ನು ಒಬ್ಬರೇ ಹೆಗಲಿಗೇರಿಸುತ್ತಿದ್ದ ಮನುಷ್ಯ.

ದೊಡ್ಡಮ್ಮನಿಗೆ ಹೇಳಲಾಗದ ಸತ್ಯ ಏನಂದ್ರೆ, ಕ್ರಿಯೇಟಿನಿನ್ ಹುಟ್ಟುವುದೇ ಸ್ನಾಯುವಿನಿಂದ. ಕಿಡ್ನಿ ಕೆಲಸ ಮಾಡದಿದ್ದರೆ ಅದು ರಕ್ತದಲ್ಲಿ ಏರುತ್ತದೆ, ಇದು ಎಲ್ಲರಿಗೂ ಗೊತ್ತು. ಆದರೆ ಡಯಾಲಿಸಿಸ್ ಪ್ರಮಾಣ ಹೆಚ್ಚದೆ, ಕಿಡ್ನಿಯೂ ಚೇತರಿಸದೆ, ಕ್ರಿಯೇಟಿನಿನ್ ತಾನಾಗಿ ಇಳಿಯುತ್ತಾ ಬಂದರೆ ಅದು ಬಹುಪಾಲು ಒಂದನ್ನೇ ಹೇಳುತ್ತದೆ: ಮೈಯಲ್ಲಿ ಸ್ನಾಯು ಕರಗುತ್ತಿದೆ. 1990ರಲ್ಲೇ ಲೋರಿ ಮತ್ತು ಲ್ಯೂ ಎಂಬ ಇಬ್ಬರು ಸಂಶೋಧಕರು ಅಮೆರಿಕದ 12 ಸಾವಿರಕ್ಕೂ ಹೆಚ್ಚು ಡಯಾಲಿಸಿಸ್ ರೋಗಿಗಳ ದಾಖಲೆ ಜಾಲಾಡಿ ಇದನ್ನು ತೋರಿಸಿದ್ದರು. ಸಾವಿನ ಅಪಾಯವನ್ನು ಎಲ್ಲಕ್ಕಿಂತ ಜೋರಾಗಿ ಸೂಚಿಸಿದ್ದು ರಕ್ತದ ಆಲ್ಬುಮಿನ್ ಎಂಬ ಪ್ರೊಟೀನ್ ಕಡಿಮೆ ಇರುವುದು. ಕ್ರಿಯೇಟಿನಿನ್ ಕಡಿಮೆ ಇದ್ದವರಲ್ಲೂ ಸಾವು ಹೆಚ್ಚಿತ್ತು. ನಾವು ಮನೆಯಲ್ಲಿ 'ಇಳಿದಿದೆ' ಅಂತ ಸಂಭ್ರಮಪಡುವ ನಂಬರು ಎಷ್ಟೋ ಸಲ ಕೆಟ್ಟ ಸುದ್ದಿ.

ಇದನ್ನು ಯಾಕೆ ರಾಜಕೀಯದ ಮಾತು ಅಂತ ಬರೆಯುತ್ತಿದ್ದೇನೆ ಎಂದರೆ, ಡಯಾಲಿಸಿಸ್ ಈಗ ಸರ್ಕಾರದ ಸಾಧನೆಗಳ ಪಟ್ಟಿಯಲ್ಲಿ ಖಾಯಂ ಸಾಲು. ದೆಹಲಿಯಲ್ಲೂ ಅಷ್ಟೇ, ಬೆಂಗಳೂರಲ್ಲೂ ಅಷ್ಟೇ. ಇಷ್ಟು ಕೇಂದ್ರ, ಇಷ್ಟು ಯಂತ್ರ, ಇಷ್ಟು ಲಕ್ಷ ಸೆಷನ್. ಆ ಯಂತ್ರದ ಪಕ್ಕದ ಹಾಸಿಗೆಯಲ್ಲಿ ಮಲಗಿದವರು ತಿಂದಿದ್ದಾರಾ, ಏನು ತಿಂದಿದ್ದಾರೆ ಎಂಬ ಲೆಕ್ಕ ಮಾತ್ರ ಆ ಪಟ್ಟಿಗಳಲ್ಲಿ ಕಾಣುವುದಿಲ್ಲ.

ಉರಿ ಮತ್ತು ಹಸಿವು

ಕಿಡ್ನಿ ರೋಗಿಯ ಅಪೌಷ್ಟಿಕತೆ ಬರೀ 'ಊಟ ಸಾಲದ' ಸಮಸ್ಯೆ ಆಗಿದ್ದರೆ ಲೆಕ್ಕ ಸುಲಭವಿತ್ತು. ಬರಗಾಲದಲ್ಲಿ ಬಡವಾದ ದೇಹಕ್ಕೆ ಅನ್ನ ಹಾಕಿದರೆ ಅದು ಮತ್ತೆ ತುಂಬಿಕೊಳ್ಳುತ್ತದೆ. ಕಿಡ್ನಿ ಸೋತ ದೇಹ ಹಾಗಲ್ಲ. ಅದರೊಳಗೆ ಸದಾ ಸಣ್ಣದೊಂದು ಬೆಂಕಿ ಉರಿಯುತ್ತಿರುತ್ತದೆ. ವೈದ್ಯರು ಇದನ್ನು ಉರಿಯೂತ ಅನ್ನುತ್ತಾರೆ. ಗಾಯವಾದಾಗ ಕೆಂಪಾಗಿ ಊದಿಕೊಳ್ಳುತ್ತಲ್ಲ, ಅದೇ ಪ್ರಕ್ರಿಯೆ. ವ್ಯತ್ಯಾಸ ಇಷ್ಟೇ: ಇಲ್ಲಿ ಗಾಯ ಕಣ್ಣಿಗೆ ಕಾಣುವುದಿಲ್ಲ, ಉರಿ ಆರುವುದೂ ಇಲ್ಲ.

ಈ ಉರಿ ಮೂರು ಕೆಲಸ ಮಾಡುತ್ತದೆ. ಮೆದುಳಿಗೆ ಹೋಗಿ ಹಸಿವನ್ನು ಸಾಯಿಸುತ್ತದೆ. ಸ್ನಾಯುವಿನ ಪ್ರೊಟೀನನ್ನು ಒಡೆಯುತ್ತದೆ. ಯಕೃತ್ತಿಗೆ 'ಆಲ್ಬುಮಿನ್ ಮಾಡುವುದನ್ನು ಬಿಡು, ಸೋಂಕಿನ ವಿರುದ್ಧದ ಪ್ರೊಟೀನ್ ಮಾಡು' ಅಂತ ಆದೇಶ ಕೊಡುತ್ತದೆ. ಹಾಗಾಗಿ ರಕ್ತ ಪರೀಕ್ಷೆಯಲ್ಲಿ ಸಿಆರ್‌ಪಿ ಏರುತ್ತದೆ, ಆಲ್ಬುಮಿನ್ ಇಳಿಯುತ್ತದೆ. ಇದರ ಜೊತೆಗೆ ಹೆಪ್ಸಿಡಿನ್ ಎಂಬ ಹಾರ್ಮೋನ್ ಹೆಚ್ಚಾಗಿ ದೇಹದಲ್ಲಿರುವ ಕಬ್ಬಿಣಕ್ಕೆ ಬೀಗ ಹಾಕುತ್ತದೆ. ರಕ್ತ ಹೆಚ್ಚಿಸಲು ಕೊಡುವ ಎರಿತ್ರೊಪೊಯಿಟಿನ್ ಇಂಜೆಕ್ಷನ್ ಆಗ ಸರಿಯಾಗಿ ಕೆಲಸ ಮಾಡುವುದಿಲ್ಲ. 'ಎಷ್ಟು ಇಂಜೆಕ್ಷನ್ ಹಾಕಿದ್ರೂ ರಕ್ತ ಏರ್ತಾ ಇಲ್ಲ' ಎಂದು ವಾರ್ಡಿನಲ್ಲಿ ಕೇಳಿಬರುವ ದೂರಿನ ಹಿಂದೆ ಅನೇಕ ಸಲ ಇದೇ ಇರುತ್ತದೆ. ಸರ್ಕಾರ ದುಡ್ಡು ಕೊಟ್ಟು ತಂದ ಔಷಧ ಹೀಗೆ ವ್ಯರ್ಥವಾಗುತ್ತದೆ, ಅದಕ್ಕೆ ಲೆಕ್ಕ ಇಟ್ಟವರಿಲ್ಲ.

ಹೃದಯದ ರಕ್ತನಾಳಗಳನ್ನೂ ಇದೇ ಉರಿ ಕೆಡಿಸುತ್ತದೆ. ಸ್ವೀಡನ್ನಿನ ಪೀಟರ್ ಸ್ಟೆನ್‌ವಿಂಕೆಲ್ ಮತ್ತು ಸಂಗಡಿಗರು 1990ರ ದಶಕದ ಕೊನೆಗೆ ಅಪೌಷ್ಟಿಕತೆ, ಉರಿಯೂತ, ರಕ್ತನಾಳ ಗಟ್ಟಿಯಾಗುವುದು ಮೂರನ್ನೂ ಸೇರಿಸಿ ಒಂದೇ ಲಕ್ಷಣಕೂಟ ಎಂದು ಗುರುತಿಸಿದರು. 2008ರಲ್ಲಿ ಈ ಕ್ಷೇತ್ರದ ಅಂತರರಾಷ್ಟ್ರೀಯ ತಜ್ಞರು ಸೇರಿ ಇದಕ್ಕೆ ಬೇರೆಯದೇ ಹೆಸರಿಟ್ಟರು. 'ಪ್ರೊಟೀನ್-ಶಕ್ತಿ ಸವೆತ' ಅಂತ ಹೇಳಬಹುದು. 'ಕೊರತೆ' ಅನ್ನಲಿಲ್ಲ, 'ಸವೆತ' ಅಂದರು ಎನ್ನುವುದನ್ನು ಗಮನಿಸಿ. 34 ದೇಶಗಳ 16 ಸಾವಿರಕ್ಕೂ ಹೆಚ್ಚು ಡಯಾಲಿಸಿಸ್ ರೋಗಿಗಳ ಮಾಹಿತಿ ಒಟ್ಟುಗೂಡಿಸಿದ 2018ರ ವಿಶ್ಲೇಷಣೆಯ ಪ್ರಕಾರ ಹೆಚ್ಚಿನ ಅಧ್ಯಯನಗಳಲ್ಲಿ ಈ ಸವೆತ ಕಂಡದ್ದು ಶೇ 28ರಿಂದ 54ರಷ್ಟು ಜನರಲ್ಲಿ. ಸ್ಥೂಲವಾಗಿ, ಮೂವರಲ್ಲಿ ಒಬ್ಬರಿಂದ ಇಬ್ಬರಲ್ಲಿ ಒಬ್ಬರಿಗೆ.

ಇನ್ನೊಂದು ವಿಚಿತ್ರ. ಮಿಕ್ಕವರಿಗೆಲ್ಲ ದಪ್ಪ ಆಗಬೇಡಿ ಎಂದು ಬುದ್ಧಿ ಹೇಳುವ ವೈದ್ಯಶಾಸ್ತ್ರಕ್ಕೆ ಡಯಾಲಿಸಿಸ್ ವಾರ್ಡಿನಲ್ಲಿ ಉಲ್ಟಾ ಕಾಣುತ್ತದೆ. ಅಲ್ಲಿ ತುಸು ದಪ್ಪಗಿರುವವರೇ ಹೆಚ್ಚು ದಿನ ಬದುಕುತ್ತಾರೆ, ತೆಳ್ಳಗಾದವರು ಬೇಗ ಹೋಗುತ್ತಾರೆ. ಯಾಕೆ ಎಂಬುದರ ಬಗ್ಗೆ ಇನ್ನೂ ಜಗಳ ಮುಗಿದಿಲ್ಲ.

ತಕ್ಕಡಿ ಹೇಳುವ ಸುಳ್ಳು

ಡಯಾಲಿಸಿಸ್‌ಗೆ ಮುಂಚೆ ಮತ್ತು ನಂತರ ರೋಗಿಯ ತೂಕ ನೋಡುತ್ತಾರೆ. ಮೂತ್ರ ಹೋಗದ ದೇಹದಲ್ಲಿ ನೀರು ತುಂಬಿಕೊಳ್ಳುತ್ತದೆ. ಎಷ್ಟು ನೀರು ತೆಗೆದರೆ ಸರಿ ಎನ್ನುವುದಕ್ಕೆ ಒಂದು ಗುರಿ ತೂಕ ಇಟ್ಟಿರುತ್ತಾರೆ, ಅದಕ್ಕೆ 'ಡ್ರೈ ವೇಟ್' ಎನ್ನುತ್ತಾರೆ. ದೊಡ್ಡಪ್ಪನ ಡ್ರೈ ವೇಟ್ ಮೂರು ವರ್ಷದ ಹಿಂದೆ 58 ಕೆಜಿ ಎಂದು ಬರೆದಿದ್ದರು. ಮೊನ್ನೆ ಫೈಲ್ ತೆಗೆದು ನೋಡಿದರೆ ಈಗಲೂ 58.

ಹಾಗಾದರೆ ತೂಕ ಇಳಿದೇ ಇಲ್ಲ ಅಲ್ವಾ? ಇಳಿದಿದೆ. ಸ್ನಾಯು ಕರಗಿ ಹೋದ ಜಾಗಕ್ಕೆ ನೀರು ಬಂದು ಕೂತಿದೆ. ತಕ್ಕಡಿಗೆ ಮಾಂಸ ಯಾವುದು ನೀರು ಯಾವುದು ಗೊತ್ತಾಗುವುದಿಲ್ಲ. ಯಂತ್ರ ಪ್ರತಿ ಸಲ 58ಕ್ಕೆ ತಂದು ನಿಲ್ಲಿಸುತ್ತದೆ. ನಿಜವಾದ ದೇಹ ಮಾತ್ರ 54ಕ್ಕೋ 53ಕ್ಕೋ ಇಳಿದಿರುತ್ತದೆ. ಮಿಕ್ಕ ನಾಲ್ಕೈದು ಕೆಜಿ ನೀರು ಶ್ವಾಸಕೋಶ, ಕಾಲು, ಹೃದಯದ ಮೇಲೆ ಹೊರೆಯಾಗಿ ಉಳಿಯುತ್ತದೆ. ಬಿಪಿ ಇಳಿಯಲ್ಲ, ರಾತ್ರಿ ಅಂಗಾತ ಮಲಗಿದರೆ ಉಸಿರು ಕಟ್ಟುತ್ತದೆ. 'ನೀರು ಜಾಸ್ತಿ ಕುಡಿದಿದ್ದೀರಾ' ಎಂದು ಬೈಸಿಕೊಳ್ಳುವುದು ಮಾತ್ರ ರೋಗಿ. ದೊಡ್ಡಪ್ಪ ಹೀಗೆ ಎರಡು ಸಲ ರಾತ್ರೋರಾತ್ರಿ ಆಂಬುಲೆನ್ಸ್ ಹತ್ತಿದ್ದಾರೆ.

ಡ್ರೈ ವೇಟ್ ಮತ್ತೆ ಮತ್ತೆ ಪರಿಷ್ಕರಿಸಬೇಕು ಎಂಬುದು ಪಠ್ಯಪುಸ್ತಕದ ಮೊದಲ ಪಾಠ. ಅದಕ್ಕೆ ಯಾರಾದರೂ ತೋಳಿನ ಸುತ್ತಳತೆ ನೋಡಬೇಕು, ಕೈಹಿಡಿತದ ಬಲ ನೋಡಬೇಕು, ಏನು ತಿಂತೀರಿ ಅಂತ ಕೇಳಬೇಕು. ತಾಲ್ಲೂಕು ಮಟ್ಟದ ಘಟಕದಲ್ಲಿ ಇದನ್ನೆಲ್ಲ ಯಾರು ಮಾಡಬೇಕು? ನೆಫ್ರಾಲಜಿಸ್ಟ್ ದೊಡ್ಡ ಊರಿನಲ್ಲಿರುತ್ತಾರೆ. ಪಥ್ಯತಜ್ಞರು ಕಾಣಸಿಗುವುದೇ ಅಪರೂಪ. ಯಂತ್ರ ನಡೆಸುವ ಟೆಕ್ನೀಷಿಯನ್‌ಗಳು ಹೊರಗುತ್ತಿಗೆಯವರು, ಸಂಬಳಕ್ಕಾಗಿ ಅವರು ಬೀದಿಗೆ ಇಳಿದಿದ್ದನ್ನು ಈ ರಾಜ್ಯ ಒಂದಲ್ಲ ಹಲವು ಸಲ ನೋಡಿದೆ. ಎರಡು ತಿಂಗಳ ಸಂಬಳ ಬಾಕಿ ಇರುವ ಹುಡುಗನಿಗೆ ರೋಗಿಯ ತೋಳು ಅಳೆಯಲಿಲ್ಲ ಯಾಕೆ ಎಂದು ಕೇಳುವ ಮುಖ ನನಗಂತೂ ಇಲ್ಲ.

ಜೇಟ್ಲಿ ಲೆಕ್ಕ

ಉಚಿತ ಡಯಾಲಿಸಿಸ್‌ನ ದೊಡ್ಡ ಘೋಷಣೆ ಬಂದದ್ದು 2016ರ ಫೆಬ್ರವರಿ 29ರ ಕೇಂದ್ರ ಬಜೆಟ್‌ನಲ್ಲಿ. ದೇಶದಲ್ಲಿ ಪ್ರತಿ ವರ್ಷ 2.2 ಲಕ್ಷ ಹೊಸ ಕಿಡ್ನಿ ವೈಫಲ್ಯದ ರೋಗಿಗಳು ಸೇರುತ್ತಾರೆ, ಅದರಿಂದ 3.4 ಕೋಟಿ ಡಯಾಲಿಸಿಸ್ ಸೆಷನ್‌ಗಳ ಹೆಚ್ಚುವರಿ ಬೇಡಿಕೆ ಹುಟ್ಟುತ್ತದೆ, ಒಂದು ಸೆಷನ್‌ಗೆ ಸುಮಾರು 2,000 ರೂಪಾಯಿ, ವರ್ಷಕ್ಕೆ 3 ಲಕ್ಷಕ್ಕೂ ಹೆಚ್ಚು ಖರ್ಚು ಎಂದು ಅರ್ಥ ಸಚಿವ ಅರುಣ್ ಜೇಟ್ಲಿ ಹೇಳಿದ್ದರು. ಅದೇ ಮುಂದೆ ಪ್ರಧಾನ ಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಆಯಿತು. ಖಾಸಗಿ ಸಂಸ್ಥೆ ಯಂತ್ರ ನಡೆಸುತ್ತದೆ, ಬಡವರಿಗೆ ಉಚಿತ, ಸರ್ಕಾರ ಸೆಷನ್ ಲೆಕ್ಕದಲ್ಲಿ ದುಡ್ಡು ಕೊಡುತ್ತದೆ. ಎರಡೇ ವರ್ಷಕ್ಕೆ, 2018ರ ಮೇ ತಿಂಗಳಲ್ಲಿ, ಜೇಟ್ಲಿಯವರೇ ಕಿಡ್ನಿ ಕಸಿ ಮಾಡಿಸಿಕೊಳ್ಳಬೇಕಾಯಿತು.

ಆ ಭಾಷಣದ ಲೆಕ್ಕವನ್ನು ಒಮ್ಮೆ ಭಾಗಿಸಿ ನೋಡಿ. 3.4 ಕೋಟಿಯನ್ನು 2.2 ಲಕ್ಷದಿಂದ ಭಾಗಿಸಿದರೆ ಒಬ್ಬ ರೋಗಿಗೆ ವರ್ಷಕ್ಕೆ ಸುಮಾರು 155 ಸೆಷನ್. ಅಂದರೆ ವಾರಕ್ಕೆ ಮೂರು. ಸರ್ಕಾರದ ಸ್ವಂತ ಅಂದಾಜೇ ವಾರಕ್ಕೆ ಮೂರು ಎಂದು ಹಿಡಿದಿದೆ. ಆದರೆ ಭಾರತದ ಬಹುಪಾಲು ರೋಗಿಗಳಿಗೆ ಸಿಗುವುದು ಎರಡು, ವರ್ಷಕ್ಕೆ ನೂರಾ ನಾಲ್ಕು. ಅದರಲ್ಲೂ ಮಳೆ ಬಂದಾಗ, ಬಸ್ ತಪ್ಪಿದಾಗ, ಯಂತ್ರ ಕೆಟ್ಟಾಗ ಒಂದೊಂದು ಕಡಿತ. ವಿಷ ಪೂರ್ತಿ ಹೊರಹೋಗದ ದೇಹಕ್ಕೆ ಬಾಯಿ ಕಹಿ, ವಾಕರಿಕೆ, ಊಟ ಕಂಡರೆ ಅಸಹ್ಯ. 'ಎರಡು ತುತ್ತಿಗೇ ಸಾಕು ಅಂತಾರೆ ಕಣಪ್ಪ, ಏನೂ ಸೇರಲ್ಲ' ಎಂದು ದೊಡ್ಡಮ್ಮ ಅನ್ನುವುದರ ಹಿಂದೆ ಮಾಡಿದ ಅಡುಗೆಯ ತಪ್ಪಿಲ್ಲ.

ಒಂದು ಕಾಲದಲ್ಲಿ ಈ ದೇಶದಲ್ಲಿ ಡಯಾಲಿಸಿಸ್ ಎಂದರೆ ಜಯಪ್ರಕಾಶ್ ನಾರಾಯಣ್ ಅಂಥವರ ಹೆಸರಿನೊಂದಿಗೆ ಮಾತ್ರ ಕೇಳಿಬರುತ್ತಿದ್ದ ಪದ. ತುರ್ತು ಪರಿಸ್ಥಿತಿಯ ಬಂಧನದಲ್ಲಿದ್ದಾಗ ಕಿಡ್ನಿ ಸೋತು, 1977ರ ಚುನಾವಣೆಯ ಹೊತ್ತಿಗೆ ಡಯಾಲಿಸಿಸ್ ಮೇಲೇ ಇದ್ದು, 1979ರ ಅಕ್ಟೋಬರ್‌ವರೆಗೆ ಅವರು ಬದುಕಿದರು. ಆ ಯಂತ್ರ ಇವತ್ತು ತಾಲ್ಲೂಕಿಗೆ ಬಂದಿದೆ. ಇದು ಸಣ್ಣ ಸಾಧನೆ ಅಲ್ಲ, ವ್ಯಂಗ್ಯಕ್ಕೆ ಹೇಳುತ್ತಿಲ್ಲ. ಉಚಿತ ಸೆಷನ್ ಇಲ್ಲದಿದ್ದರೆ ದೊಡ್ಡಪ್ಪ ಮೂರು ವರ್ಷದ ಹಿಂದೆಯೇ ಹೋಗಿರುತ್ತಿದ್ದರು, ಅದಕ್ಕೂ ಮೊದಲು ಅವರ ಎರಡೆಕರೆ ಹೋಗಿರುತ್ತಿತ್ತು.

ಪ್ರಶ್ನೆ ಇರುವುದು ಸೆಷನ್ ಲೆಕ್ಕದಲ್ಲಿ ದುಡ್ಡು ಕೊಡುವ ಪದ್ಧತಿಯಲ್ಲಿ. ಸೆಷನ್ ನಡೆದರೆ ಬಿಲ್ ಆಗುತ್ತದೆ. ರೋಗಿ ಆ ವರ್ಷ ಆರು ಕೆಜಿ ಸ್ನಾಯು ಕಳೆದುಕೊಂಡರೂ ಬಿಲ್ ಅಷ್ಟೇ, ಕಳೆದುಕೊಳ್ಳದಿದ್ದರೂ ಅಷ್ಟೇ. ಯಾವುದಕ್ಕೆ ಬಿಲ್ ಇಲ್ಲವೋ ಅದನ್ನು ವ್ಯವಸ್ಥೆ ನೋಡುವುದಿಲ್ಲ.

ಮೋರಿಗೆ ಹೋಗುವ ಎರಡು ಮೊಟ್ಟೆ

ಈಗ ತಟ್ಟೆಯ ಲೆಕ್ಕ. ಡಯಾಲಿಸಿಸ್ ಶುರುವಾಗುವ ಮೊದಲು ಕಿಡ್ನಿ ರೋಗಿಗೆ ಪ್ರೊಟೀನ್ ಕಡಿಮೆ ತಿನ್ನಲು ಹೇಳುತ್ತಾರೆ. ಮಧುಮೇಹ ಇಲ್ಲದವರಿಗೆ ಕೆಜಿ ತೂಕಕ್ಕೆ 0.6 ಗ್ರಾಂ ಸುತ್ತಮುತ್ತ. ಡಯಾಲಿಸಿಸ್ ಶುರುವಾದ ದಿನದಿಂದ ಇದು ತಿರುಗುಮುರುಗು. 2020ರ ಅಮೆರಿಕದ ಕೆಡಿಒಕ್ಯೂಐ ಮಾರ್ಗಸೂಚಿ ಕೆಜಿಗೆ 1ರಿಂದ 1.2 ಗ್ರಾಂ ಬೇಕು ಎನ್ನುತ್ತದೆ. ಹೆಚ್ಚುಕಡಿಮೆ ದುಪ್ಪಟ್ಟು. ಈ ತಿರುವು ನಮ್ಮ ಊರುಗಳಲ್ಲಿ ರೋಗಿಗೆ ತಲುಪುವುದೇ ಇಲ್ಲ. 'ಬೇಳೆ ಬಿಡಿ, ಮೊಟ್ಟೆ ಬಿಡಿ, ಮಾಂಸ ಬಿಡಿ' ಎಂಬ ಹಳೇ ಚೀಟಿ ಗೋಡೆಗೆ ಅಂಟಿಕೊಂಡೇ ಇರುತ್ತದೆ. ಅದರ ಮೇಲೆ ವಾಟ್ಸ್ಯಾಪ್ ವೈದ್ಯರ ಪಥ್ಯ ಬೇರೆ. ದೊಡ್ಡಪ್ಪ ಮೂರು ವರ್ಷ ಗಂಜಿ, ತಿಳಿಸಾರು, ಸೋರೆಕಾಯಿಯಲ್ಲಿ ಕಳೆದಿದ್ದಾರೆ, ಬಲು ಶ್ರದ್ಧೆಯಿಂದ.

ಜೊತೆಗೆ ಯಂತ್ರವೂ ಕಿತ್ತುಕೊಳ್ಳುತ್ತದೆ. ಒಂದು ಸೆಷನ್‌ನಲ್ಲಿ ವಿಷದ ಜೊತೆ ಸುಮಾರು 6ರಿಂದ 12 ಗ್ರಾಂ ಅಮಿನೊ ಆಮ್ಲಗಳೂ ಸೋರಿಹೋಗುತ್ತವೆ. ಒಂದು ಮೊಟ್ಟೆಯಲ್ಲಿರುವ ಪ್ರೊಟೀನ್ ಸುಮಾರು 6 ಗ್ರಾಂ. ಅಂದರೆ ಪ್ರತಿ ಸಲ ಒಂದೆರಡು ಮೊಟ್ಟೆಯಷ್ಟು ಪೌಷ್ಟಿಕಾಂಶ ಸರ್ಕಾರದ ಖರ್ಚಿನಲ್ಲೇ ಮೋರಿಗೆ ಹೋಗುತ್ತದೆ.

55 ಕೆಜಿ ಮನುಷ್ಯನಿಗೆ ದಿನಕ್ಕೆ 55ರಿಂದ 66 ಗ್ರಾಂ ಪ್ರೊಟೀನ್ ಬೇಕು. ಪಡಿತರದ ಅಕ್ಕಿ ತಿಂಗಳಿಗೆ 10 ಕೆಜಿ ಎಂದೇ ಇಟ್ಟುಕೊಳ್ಳಿ, ಅಷ್ಟನ್ನೂ ಅವನೊಬ್ಬನೇ ಉಂಡರೂ ದಿನಕ್ಕೆ 330 ಗ್ರಾಂ ಅಕ್ಕಿ, ಅದರಿಂದ ಸಿಗುವುದು 25 ಗ್ರಾಂ ಆಸುಪಾಸು. 5 ಕೆಜಿಗೆ ಇಳಿದರೆ 12 ಗ್ರಾಂ. ಹೊಟ್ಟೆ ತುಂಬಬಹುದು, ಸ್ನಾಯು ಉಳಿಯಲ್ಲ. 2025ರ ಅಕ್ಟೋಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ಅನ್ನಭಾಗ್ಯದ ಹೆಚ್ಚುವರಿ 5 ಕೆಜಿ ಅಕ್ಕಿಯ ಬದಲು ತೊಗರಿಬೇಳೆ, ಎಣ್ಣೆ, ಸಕ್ಕರೆ, ಉಪ್ಪು ಇರುವ ಇಂದಿರಾ ಆಹಾರ ಕಿಟ್ ಕೊಡುವ ತೀರ್ಮಾನ ಮಾಡಿತು. ಅಕ್ಕಿಯಿಂದ ಬೇಳೆಯ ಕಡೆಗೆ ಹೊರಳಿದ್ದು ಪೌಷ್ಟಿಕತೆಯ ಕಣ್ಣಿನಿಂದ ಸರಿಯಾದ ದಿಕ್ಕು. ಕಿಡ್ನಿ ರೋಗಿಯ ಮನೆಗೆ ಉಪ್ಪು, ಮಧುಮೇಹಿಯ ಮನೆಗೆ ಸಕ್ಕರೆ ಕೊಟ್ಟು ಕಳಿಸುವುದು ಮಾತ್ರ ಎಲ್ಲರಿಗೂ ಒಂದೇ ಚೀಲ ಹೊಲಿದಾಗ ಆಗುವ ಎಡವಟ್ಟು.

ಮೊಟ್ಟೆಯ ಬಿಳಿಭಾಗಕ್ಕೆ ಕಿಡ್ನಿ ವೈದ್ಯರು ಇಷ್ಟೊಂದು ಒತ್ತು ಕೊಡುವುದಕ್ಕೆ ಕಾರಣವಿದೆ. ಪ್ರೊಟೀನ್ ಸಿಗುವ ಬಹುತೇಕ ಎಲ್ಲ ಆಹಾರದಲ್ಲೂ ರಂಜಕ, ಅಂದರೆ ಫಾಸ್ಫರಸ್, ಜೊತೆಗೇ ಬರುತ್ತದೆ. ಕಿಡ್ನಿ ಸೋತವರಿಗೆ ಅದು ಹೊರಹೋಗುವುದಿಲ್ಲ, ಮೂಳೆ ಮತ್ತು ರಕ್ತನಾಳ ಕೆಡಿಸುತ್ತದೆ. ಬಿಳಿಭಾಗದಲ್ಲಿ ಪ್ರೊಟೀನ್ ತುಂಬ, ರಂಜಕ ತೀರಾ ಕಡಿಮೆ. ಬೇಳೆಕಾಳಿನ ರಂಜಕ ದೇಹಕ್ಕೆ ಪೂರ್ತಿ ಹೀರಿಕೆಯಾಗುವುದಿಲ್ಲವಾದ್ದರಿಂದ ಬೇಳೆಯ ಮೇಲೂ ನಮ್ಮ ಹಳ್ಳಿಗಳಲ್ಲಿ ಇರುವಷ್ಟು ಭಯ ಬೇಕಿಲ್ಲ. ಪ್ಯಾಕೆಟ್ ತಿಂಡಿಗೆ ಬೆರೆಸುವ ಫಾಸ್ಫೇಟ್ ಹೆಚ್ಚುಕಡಿಮೆ ಪೂರ್ತಿ ರಕ್ತಕ್ಕೆ ಇಳಿಯುತ್ತದೆ. ಆದರೆ ಭಯ ಇರುವುದು ಬೇಳೆಯ ಮೇಲೆ, ಬಿಸ್ಕತ್ತಿನ ಮೇಲೆ ಅಲ್ಲ. ಡಯಾಲಿಸಿಸ್ ವಾರ್ಡಿನ ಹೊರಗೆ ಕಾಯುವವರ ಕೈಯಲ್ಲಿ ಏನಿರುತ್ತದೆ ನೋಡಿ: ಚಹಾ ಮತ್ತು ಬಿಸ್ಕತ್ತು.

ದಿನಕ್ಕೆ ಎರಡು ಮೊಟ್ಟೆ ಎಂದರೆ ತಿಂಗಳಿಗೆ ನಾನೂರು ರೂಪಾಯಿ ಚಿಲ್ಲರೆ. ದುಡಿಯುವ ಗಂಡಸು ಹಾಸಿಗೆ ಹಿಡಿದ ಮನೆಯಲ್ಲಿ ಇದು ದೊಡ್ಡ ದುಡ್ಡು. ಮೇಲಾಗಿ ಆ ಮೊಟ್ಟೆ ತಟ್ಟೆಗೆ ಬಂದಾಗ ಮೊಮ್ಮಗ ಎದುರಿಗೆ ಕೂತಿರುತ್ತಾನೆ.

ಟಿಬಿ ಬಂದರೆ ಸಾವಿರ ರೂಪಾಯಿ

ಆಹಾರವನ್ನು ಔಷಧದಂತೆ ಕೊಡುವುದು ಸರ್ಕಾರಕ್ಕೆ ಹೊಸದಲ್ಲ. ನಿಕ್ಷಯ ಪೋಷಣೆ ಯೋಜನೆಯಲ್ಲಿ 2018ರಿಂದ ಟಿಬಿ ರೋಗಿಗೆ ತಿಂಗಳಿಗೆ 500 ರೂಪಾಯಿ ಬರುತ್ತಿತ್ತು, 2024ರ ನವೆಂಬರ್‌ನಿಂದ ಅದು 1,000 ಆಗಿದೆ. ಈ ವಾದಕ್ಕೆ ಬಲ ಕೊಟ್ಟ ಸಂಶೋಧನೆಯ ಬೇರು ನಮ್ಮ ಮಂಗಳೂರಿನಲ್ಲಿದೆ. ಯೆನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ ಮತ್ತು ಮಾಧವಿ ಭಾರ್ಗವ ಜಾರ್ಖಂಡ್‌ನಲ್ಲಿ ನಡೆಸಿದ 'ರೇಷನ್ಸ್' ಪ್ರಯೋಗದಲ್ಲಿ ಟಿಬಿ ರೋಗಿಯ ಮನೆಯವರಿಗೆ ತಿಂಗಳಿಗೆ 5 ಕೆಜಿ ಅಕ್ಕಿ, ಒಂದೂವರೆ ಕೆಜಿ ಬೇಳೆ ಮತ್ತು ವಿಟಮಿನ್ ಮಾತ್ರೆ ಕೊಟ್ಟಾಗ ಅವರಲ್ಲಿ ಹೊಸದಾಗಿ ಟಿಬಿ ಬರುವುದು ಶೇ 39ರಷ್ಟು ಕಡಿಮೆಯಾಯಿತು. 2023ರಲ್ಲಿ ಅದು ಲ್ಯಾನ್ಸೆಟ್‌ನಲ್ಲಿ ಪ್ರಕಟವಾಯಿತು.

ಡಯಾಲಿಸಿಸ್ ರೋಗಿಗಳಿಗೆ ಟಿಬಿ ತಗಲುವ ಅಪಾಯ ಸಾಮಾನ್ಯರಿಗಿಂತ ಹಲವು ಪಟ್ಟು ಹೆಚ್ಚು. ಅವರಿಗೆ ಟಿಬಿ ಬಂದರೆ ಪೌಷ್ಟಿಕಾಂಶಕ್ಕೆ ತಿಂಗಳಿಗೆ ಸಾವಿರ ರೂಪಾಯಿ. ಬರುವ ತನಕ ಸೊನ್ನೆ!

ಪಕ್ಕದ ಆಂಧ್ರ ನೋಡಿ. ಶ್ರೀಕಾಕುಳಂ ಜಿಲ್ಲೆಯ ಉದ್ದಾನಂ ಪ್ರದೇಶದಲ್ಲಿ ಕಾರಣ ಖಚಿತವಾಗದ ಕಿಡ್ನಿ ರೋಗ ಹಳ್ಳಿಹಳ್ಳಿಯನ್ನೇ ಹಿಡಿದಿದೆ. ಅಲ್ಲಿ ಜನ ಗಲಾಟೆ ಮಾಡಿದರು, ಪಕ್ಷಗಳು ಪೈಪೋಟಿಗೆ ಬಿದ್ದವು. ಡಯಾಲಿಸಿಸ್ ರೋಗಿಗೆ ಪಿಂಚಣಿ ಮೊದಲು 2,500 ಇದ್ದದ್ದು 2019ರಲ್ಲಿ ತಿಂಗಳಿಗೆ 10,000 ರೂಪಾಯಿಗೆ ಏರಿತು, ಸರ್ಕಾರ ಬದಲಾದರೂ ಮುಂದುವರಿಯಿತು. ತೆಲಂಗಾಣ 2022ರಲ್ಲಿ ಆಸರಾ ಪಿಂಚಣಿಯ 2,016 ರೂಪಾಯಿಯನ್ನು ಡಯಾಲಿಸಿಸ್ ರೋಗಿಗಳಿಗೂ ವಿಸ್ತರಿಸಿತು. ನಮ್ಮಲ್ಲಿ ಅಂಗವಿಕಲರ ಪಿಂಚಣಿಯಾದರೂ ಸಿಗುತ್ತಾ ಎಂದರೆ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧದ ಪಟ್ಟಿಯಲ್ಲಿ ಥಲಸ್ಸೀಮಿಯ, ಹಿಮೊಫಿಲಿಯ, ಸಿಕಲ್ ಸೆಲ್ ಇವೆ, ಕಿಡ್ನಿ ವೈಫಲ್ಯ ಇಲ್ಲ. ಗ್ಯಾರಂಟಿಗಳಲ್ಲಿ ಈ ರೋಗಿಗಳಿಗೆ ನೇರವಾಗಿ ದಕ್ಕಿದ್ದು ಅಂದರೆ ಶಕ್ತಿ ಯೋಜನೆ, ಆಸ್ಪತ್ರೆಗೆ ಹೋಗಿಬರುವ ಬಸ್ ಚಾರ್ಜ್ ಉಳಿಯುತ್ತದೆ. ಅದೂ ರೋಗಿ ಹೆಂಗಸಾಗಿದ್ದರೆ. ನಮ್ಮ ಮನೆಯಲ್ಲಿ ಜೊತೆಗೆ ಹೋಗುವ ದೊಡ್ಡಮ್ಮನಿಗೆ ಟಿಕೆಟ್ ಇಲ್ಲ, ದೊಡ್ಡಪ್ಪನಿಗೆ ಇದೆ.

ಮೊಟ್ಟೆ ಅಂದ ಕೂಡಲೇ ಕರ್ನಾಟಕದಲ್ಲಿ ಇನ್ನೊಂದು ಬಾಗಿಲು ತೆಗೆದುಕೊಳ್ಳುತ್ತದೆ. 2021ರ ಕೊನೆಗೆ ಕಲ್ಯಾಣ ಕರ್ನಾಟಕ ಭಾಗದ ಶಾಲೆಗಳಲ್ಲಿ ಮೊಟ್ಟೆ ಶುರುವಾದಾಗ ಕೆಲವು ಮಠಾಧೀಶರು ಹೇಗೆ ಎದ್ದುನಿಂತರು ಎಂಬುದು ನೆನಪಿರಬಹುದು. ಮಕ್ಕಳು ಆ ವಾದವನ್ನು ತಿಂದು ಗೆದ್ದರು, ಈಗ ರಾಜ್ಯವಿಡೀ ಮೊಟ್ಟೆ ಇದೆ. ಆಸ್ಪತ್ರೆಯಲ್ಲಿ ಈ ಜಗಳ ಏಳುವಷ್ಟೂ ವಿಷಯ ಮುಂದೆ ಬಂದಿಲ್ಲ. ಒಳರೋಗಿಗಾದರೆ ಊಟ ಉಂಟು. ಡಯಾಲಿಸಿಸ್‌ಗೆ ಬರುವವರು ನಾಲ್ಕು ಗಂಟೆ ಮಲಗಿ ಎದ್ದುಹೋಗುವವರು, ಬಹುತೇಕ ಕಡೆ ಅವರು ಊಟದ ಪಟ್ಟಿಯಲ್ಲೇ ಇರುವುದಿಲ್ಲ. ಜರ್ಮನಿಯಲ್ಲಿ ಡಯಾಲಿಸಿಸ್ ನಡೆಯುವಾಗಲೇ ಊಟ ಕೊಡುವುದು ವಾಡಿಕೆ. ತಿಂದಾಗ ರಕ್ತ ಹೊಟ್ಟೆಯ ಕಡೆ ಹರಿದು ಬಿಪಿ ಇಳಿಯಬಹುದು ಎಂಬ ಭಯಕ್ಕೆ ಕೆಲವು ದೇಶಗಳು ಬೇಡ ಎನ್ನುತ್ತವೆ. ಬಿಪಿ ಸ್ಥಿರ ಇರುವವರಿಗೆ ಸ್ವಲ್ಪ ಸ್ವಲ್ಪ ಕೊಡಬಹುದು, ಉಳಿದವರಿಗೆ ಮುಗಿದ ಮೇಲೆ.

ಬರೀ ಊಟದಿಂದ ಆಗುತ್ತಾ?

ಇಲ್ಲಿ ನಾನು ನನ್ನ ವಾದಕ್ಕೇ ಅಡ್ಡ ನಿಲ್ಲಬೇಕು. ಅಮೆರಿಕದ ದೊಡ್ಡ ಡಯಾಲಿಸಿಸ್ ಸಂಸ್ಥೆಗಳಲ್ಲಿ ಆಲ್ಬುಮಿನ್ ಕಡಿಮೆ ಇದ್ದ ರೋಗಿಗಳಿಗೆ ಸೆಷನ್ ಹೊತ್ತಿನಲ್ಲಿ ಪ್ರೊಟೀನ್ ಪೂರಕ ಕೊಟ್ಟಾಗ ಸಾವು ಕಡಿಮೆ ಕಂಡಿದೆ. ಆದರೆ ಅವು ಚೀಟಿ ಎತ್ತಿ ಎರಡು ಗುಂಪು ಮಾಡಿದ ಪ್ರಯೋಗಗಳಲ್ಲ, ನಡೆದದ್ದನ್ನು ಹಿಂದಿರುಗಿ ನೋಡಿದ ಅಧ್ಯಯನಗಳು. ಟಿಬಿಗೆ ಇರುವಷ್ಟು ಗಟ್ಟಿ ಪುರಾವೆ ಇಲ್ಲಿಲ್ಲ. ಉರಿ ಆರದೆ ಬರೀ ಮೊಟ್ಟೆ ತಿನ್ನಿಸಿದರೆ ಸೋರುವ ಕೊಡಕ್ಕೆ ನೀರು ತುಂಬಿಸಿದ ಹಾಗೆ.

ಹಾಗಾಗಿ ಉರಿ ಎಲ್ಲಿಂದ ಬರುತ್ತದೆ ಎಂದೂ ಕೇಳಬೇಕು. ಸ್ವಲ್ಪ ರೋಗದಿಂದಲೇ ಬರುತ್ತದೆ, ಅದಕ್ಕೆ ಯಾರೂ ಹೊಣೆ ಅಲ್ಲ. ಮಿಕ್ಕಿದ್ದು ವ್ಯವಸ್ಥೆಯಿಂದ. ಡಯಾಲಿಸಿಸ್‌ಗೆ ಕೈಯಲ್ಲಿ ಫಿಸ್ಟುಲಾ ಮಾಡಿಸಿ, ಅದು ಹದಕ್ಕೆ ಬರಲು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಕಾಯಬೇಕು. ನಮ್ಮಲ್ಲಿ ರೋಗ ಗೊತ್ತಾಗುವುದೇ ಉಸಿರು ಕಟ್ಟಿ ಆಸ್ಪತ್ರೆ ಸೇರಿದಾಗ. ಆಗ ಕುತ್ತಿಗೆಗೆ ಕ್ಯಾಥೆಟರ್ ಹಾಕಿ ಶುರು ಮಾಡುತ್ತಾರೆ. ಮೂರು ವಾರಕ್ಕೆಂದು ಹಾಕಿದ್ದು ಆರು ತಿಂಗಳು ಕೂರುತ್ತದೆ, ಸೋಂಕಿಗೆ ತೆರೆದ ಬಾಗಿಲಾಗುತ್ತದೆ. ಬಿಪಿ, ಶುಗರ್ ಇರುವವರಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವರ್ಷಕ್ಕೊಮ್ಮೆ ಮೂತ್ರದಲ್ಲಿ ಆಲ್ಬುಮಿನ್, ರಕ್ತದಲ್ಲಿ ಕ್ರಿಯೇಟಿನಿನ್ ನೋಡಿದ್ದರೆ ಇದರಲ್ಲಿ ಬಹಳಷ್ಟು ತಪ್ಪುತ್ತಿತ್ತು. ಎರಡನೆಯದು ನೀರು. ಒಂದು ಸೆಷನ್‌ಗೆ ನೂರಾರು ಲೀಟರ್ ಶುದ್ಧ ನೀರು ಬೇಕು, ಆರ್‌ಒ ಘಟಕ ಕೆಟ್ಟರೆ ಬ್ಯಾಕ್ಟೀರಿಯಾದ ವಿಷ ರಕ್ತದ ಹತ್ತಿರಕ್ಕೇ ಬರುತ್ತದೆ. ಒಂದೇ ಡಯಾಲೈಸರನ್ನು ತೊಳೆದು ತೊಳೆದು ಬಳಸುವುದೂ ಹಾಗೆಯೇ. 2024ರಲ್ಲಿ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಸರ್ಕಾರಿ ಕೇಂದ್ರಗಳಿಗೆ ಏಕಬಳಕೆಯ ಡಯಾಲೈಸರ್ ತಂದದ್ದು ಒಳ್ಳೆಯ ಹೆಜ್ಜೆ, ಹೊಗಳಲೇಬೇಕು. ಮೂರನೆಯದು ಯಾರ ತಲೆಗೂ ಹೊಳೆಯದ್ದು, ಹಲ್ಲು. ವಸಡಿನ ಸೋಂಕು ಕಿಡ್ನಿ ರೋಗಿಗಳಲ್ಲಿ ಬಹಳ, ಅದೂ ಉರಿಗೆ ತುಪ್ಪ ಹಾಕುತ್ತದೆ. ತಾಲ್ಲೂಕು ಆಸ್ಪತ್ರೆಯಲ್ಲಿ ದಂತ ವೈದ್ಯರ ಕೊಠಡಿ ಡಯಾಲಿಸಿಸ್ ಘಟಕದಿಂದ ನಾಲ್ಕು ಹೆಜ್ಜೆ ದೂರ ಇರುತ್ತದೆ. ಆ ನಾಲ್ಕು ಹೆಜ್ಜೆ ಯಾರೂ ನಡೆಸುವುದಿಲ್ಲ.

ಇಷ್ಟೆಲ್ಲ ಆದ ಮೇಲೂ ಸೆಷನ್‌ಗೆ ಎರಡು ಮೊಟ್ಟೆ, ತಿನ್ನದವರಿಗೆ ಪನೀರ್ ಅಥವಾ ಬೇಳೆ, ಇದನ್ನು ನಾನು ಬಿಟ್ಟುಕೊಡಲು ತಯಾರಿಲ್ಲ. ಅದು ಚಿಕಿತ್ಸೆ ಹೌದೋ ಅಲ್ಲವೋ ಎಂಬ ಜಗಳ ವಿದ್ವಾಂಸರು ಮುಗಿಸಿಕೊಳ್ಳಲಿ. ಯಂತ್ರ ಕಿತ್ತುಕೊಂಡದ್ದನ್ನು ವಾಪಸ್ ಕೊಡಲು ಪ್ರಯೋಗದ ಪುರಾವೆ ಬೇಕಾ? ಜೇಟ್ಲಿ ಹೇಳಿದ 2,000 ರೂಪಾಯಿಯ ಸೆಷನ್‌ಗೆ ಹದಿನಾಲ್ಕು ರೂಪಾಯಿ ಸೇರಿಸುವ ಮಾತು ಇದು.

ಮೊನ್ನೆ ದೊಡ್ಡಪ್ಪನನ್ನು ಜಿಲ್ಲಾ ಕೇಂದ್ರದ ವೈದ್ಯರೊಬ್ಬರಿಗೆ ತೋರಿಸಿದೆವು. ಅವರು ಡ್ರೈ ವೇಟ್ 58ನ್ನು ಹೊಡೆದುಹಾಕಿ 54 ಎಂದು ಬರೆದರು, ವಾರಕ್ಕೆ ಅರ್ಧ ಕೆಜಿಯಂತೆ ನಿಧಾನ ಇಳಿಸಿ ಎಂದರು. ದಿನಾ ಎರಡು ಮೊಟ್ಟೆ ತಿನ್ನಬಹುದು ಎಂದಾಗ ದೊಡ್ಡಪ್ಪ ನಂಬಲಿಲ್ಲ, ಮತ್ತೊಮ್ಮೆ ಕೇಳಿ ಖಾತ್ರಿ ಮಾಡಿಕೊಂಡರು. ಆಲ್ಬುಮಿನ್ ಪರೀಕ್ಷೆ ಮೂರು ವರ್ಷದ ಫೈಲ್‌ನಲ್ಲಿ ಒಂದೇ ಒಂದು ಸಲ ಇತ್ತು, ಶುರುವಿನಲ್ಲಿ.

ವಾಪಸ್ ಬಂದ ಮೇಲೆ ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಡಿ ಒಂದು ಅರ್ಜಿ ಹಾಕಿದ್ದೇನೆ. ನಮ್ಮ ತಾಲ್ಲೂಕಿನ ಘಟಕದಲ್ಲಿ ಕಳೆದ ಎರಡು ವರ್ಷದಲ್ಲಿ ಎಷ್ಟು ರೋಗಿಗಳಿಗೆ ಎಷ್ಟು ಸಲ ಆಲ್ಬುಮಿನ್ ಪರೀಕ್ಷೆ ಆಗಿದೆ, ಎಷ್ಟು ಜನರ ಡ್ರೈ ವೇಟ್ ಬದಲಾಗಿದೆ, ಪಥ್ಯತಜ್ಞರು ಎಷ್ಟು ದಿನ ಬಂದಿದ್ದಾರೆ, ಆರ್‌ಒ ನೀರಿನ ಪರೀಕ್ಷಾ ವರದಿ ಎಲ್ಲಿದೆ, ಮತ್ತು ಎಷ್ಟು ಜನ ತೀರಿಕೊಂಡಿದ್ದಾರೆ. ಮೂವತ್ತು ದಿನಕ್ಕೆ ಇನ್ನೂ ಒಂಬತ್ತು ದಿನ ಬಾಕಿ ಇದೆ.